ಬೇಲಿಯೊಳಗಿನ ಹಟ್ಟಿ, ಬೇಲಿಯಾಚೆಯ ಗುಡಿಸಲು: ಚಿತ್ರದುರ್ಗ ಸೀಮೆಯ ಕಾಡುಗೊಲ್ಲರು

ಚಿತ್ರದುರ್ಗವೆಂದರೆ ನಮಗೆಲ್ಲ ಮೊದಲು ನೆನಪಾಗುವುದು ಏಳುಸುತ್ತಿನ ಕೋಟೆ, ಮದಕರಿ ನಾಯಕ ಮತ್ತು ಒನಕೆ ಓಬವ್ವ. 1568ರಲ್ಲಿ ತಿಮ್ಮಣ್ಣ ನಾಯಕನಿಂದ ಆರಂಭವಾಗಿ 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಹೋಗುವವರೆಗಿನ ಪಾಳೆಯಗಾರರ ಇತಿಹಾಸವನ್ನು ನಮ್ಮ ಶಾಲಾ ಪುಸ್ತಕಗಳು, ನಾಟಕಗಳು, ಸಿನಿಮಾಗಳು ಬೇಕಾದಷ್ಟು ಹೇಳಿವೆ. ಆದರೆ ಆ ಕೋಟೆಯ ಹೊರಗೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆಗಳ ಬಯಲಿನಲ್ಲಿ ದನ ಕುರಿ ಕಾಯುತ್ತಾ ಬದುಕಿದ ಜನರ ಇತಿಹಾಸವನ್ನು ಬರೆದವರು ಕಡಿಮೆ. ಓದಿದವರು ಇನ್ನೂ ಕಡಿಮೆ.

ಈ ತಾಲೂಕುಗಳಲ್ಲಿ ಬಸ್ಸಿನಲ್ಲಿ ಓಡಾಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ರಸ್ತೆ ಬದಿಯ ಫಲಕಗಳಲ್ಲಿ ಒಂದು ಊರಿನ ಹೆಸರು ಬರುತ್ತದೆ. ಅದಾಗಿ ಅರ್ಧ ಮೈಲಿಗೋ ಒಂದು ಮೈಲಿಗೋ ಅದೇ ಊರಿನ ಹೆಸರಿನ ಜೊತೆಗೆ ‘ಗೊಲ್ಲರಹಟ್ಟಿ’ ಎಂಬ ಇನ್ನೊಂದು ಫಲಕ ಬರುತ್ತದೆ. ಊರು ಬೇರೆ, ಹಟ್ಟಿ ಬೇರೆ. ಹಟ್ಟಿಯಲ್ಲಿರುವವರು ಕಾಡುಗೊಲ್ಲರು. ನಾವು ಅವರ ಕುರಿ ಕೊಂಡಿದ್ದೇವೆ, ಅವರು ನೇಯ್ಗೆಗೆ ಕೊಟ್ಟ ಉಣ್ಣೆಯ ಕಂಬಳಿ ಹೊದ್ದಿದ್ದೇವೆ. ಬಕ್ರೀದ್ ಹತ್ತಿರವಾದಾಗ ಸಂತೆಯಲ್ಲಿ ಅವರ ಜೊತೆ ಚೌಕಾಸಿ ಮಾಡಿದ್ದೇವೆ. ಆದರೆ ಹಟ್ಟಿಯ ಬೇಲಿಯ ಒಳಗಿನ ಬದುಕು ಹೇಗಿದೆಯೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಊರುಗೊಲ್ಲರು, ಕಾಡುಗೊಲ್ಲರು

ಗೊಲ್ಲರೆಲ್ಲ ಒಂದೇ ಎಂಬುದು ಹೊರಗಿನವರ ತಿಳುವಳಿಕೆ. ನೂರು ವರ್ಷಗಳ ಹಿಂದೆಯೇ ಮೈಸೂರು ಸಂಸ್ಥಾನದ ಜನಗಣತಿ ವರದಿಗಳು ಮತ್ತು ಜನಾಂಗ ಸಮೀಕ್ಷೆಗಳು ಊರುಗೊಲ್ಲರನ್ನೂ ಕಾಡುಗೊಲ್ಲರನ್ನೂ ಬೇರೆ ಬೇರೆಯಾಗಿಯೇ ಗುರುತಿಸಿದ್ದವು. ಇವೆರಡರ ನಡುವೆ ಊಟವಾಗಲಿ ಕೊಳುಕೊಡೆಯಾಗಲಿ ಇರಲಿಲ್ಲ. ಊರುಗೊಲ್ಲರಲ್ಲಿ ಅನೇಕರು ತೆಲುಗು ಮೂಲದವರು. ಕಾಡುಗೊಲ್ಲರ ಮನೆಮಾತು ಕನ್ನಡ. ಅವರ ಕಥನ ಕಾವ್ಯಗಳು, ಸೋಬಾನೆ ಪದಗಳು, ದೇವರ ಪದಗಳು ಎಲ್ಲವೂ ಕನ್ನಡದವು.

1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಮೈಸೂರು ಜನಗಣತಿ ವರದಿಯನ್ನು ಆಧರಿಸಿದ ಒಂದು ಚಿಕ್ಕ ಟಿಪ್ಪಣಿಯಿದೆ. ಕಾಡುಗೊಲ್ಲರು ಉತ್ತರದ ಕಡೆಯಿಂದ ಬಂದವರೆಂದು ಹೇಳಲಾಗುತ್ತದೆ, ಊರಾಚೆ ಹುಲ್ಲಿನ ಗುಡಿಸಲುಗಳಲ್ಲಿ ವಾಸಿಸುತ್ತಾರೆ, ಮದುವೆಯನ್ನು ಊರ ಹೊರಗೆ ಹಾಕಿದ ಚಪ್ಪರದಲ್ಲಿ ಐದು ದಿನ ನಡೆಸುತ್ತಾರೆ ಎಂದು ಅದು ದಾಖಲಿಸುತ್ತದೆ. ಅದರಲ್ಲಿರುವ ಮೂರು ಸಂಗತಿಗಳನ್ನು ನಾವು ಇಲ್ಲಿ ಒಟ್ಟಿಗೆ ಇಟ್ಟು ನೋಡಬೇಕು.

ಒಂದು, ಹೆರಿಗೆಯಾದ ತಾಯಿ ತನ್ನ ಕೂಸಿನೊಂದಿಗೆ ಏಳರಿಂದ ಮೂವತ್ತು ದಿನ ಊರ ಹೊರಗಿನ ಸಣ್ಣ ಗುಡಿಸಲಿನಲ್ಲಿ ಒಬ್ಬಳೇ ಇರಬೇಕು. ಎರಡು, ಅವಳಿಗೆ ಕಾಯಿಲೆಯಾದರೆ ಕುಲದವರು ಯಾರೂ ಹತ್ತಿರ ಹೋಗುವುದಿಲ್ಲ, ನಾಯಕರ ಹೆಂಗಸೊಬ್ಬಳನ್ನು ಆರೈಕೆಗೆ ಗೊತ್ತು ಮಾಡುತ್ತಾರೆ. ಮೂರು, ಗಂಡ ಸತ್ತರೂ ಹೆಂಗಸಿನ ಕೈಬಳೆಯನ್ನು ತೆಗೆಸುವುದಿಲ್ಲ, ಒಡೆಯುವುದಿಲ್ಲ.

ವಿಧವೆಯ ಬಳೆ ಒಡೆದು ತಲೆ ಬೋಳಿಸುವುದೇ ದೊಡ್ಡ ಧರ್ಮವೆಂದು ಕೆಲವು ಮೇಲುಜಾತಿಗಳು ನಂಬಿದ್ದ ಕಾಲದಲ್ಲಿ ಕಾಡಿನ ಅಂಚಿನ ಈ ಜನ ವಿಧವೆಯ ಬಳೆಯನ್ನು ಮುಟ್ಟುತ್ತಿರಲಿಲ್ಲ. ಅದೇ ಜನ ಬಾಣಂತಿಯನ್ನು ಮಾತ್ರ ಬೇಲಿಯಾಚೆ ಇಟ್ಟರು. ಒಂದು ಸಮುದಾಯದ ಸಂಪ್ರದಾಯವೆಂದರೆ ಇಡಿಯಾಗಿ ಒಪ್ಪಬೇಕಾದ ಅಥವಾ ಇಡಿಯಾಗಿ ತಳ್ಳಬೇಕಾದ ಗಂಟಲ್ಲ. ಅದರೊಳಗೆ ಕರುಣೆಯೂ ಇದೆ, ಕ್ರೌರ್ಯವೂ ಇದೆ. ನಾಯಕರ ಹೆಂಗಸು ಗೊಲ್ಲರ ಬಾಣಂತಿಯ ಗುಡಿಸಲಿಗೆ ಬರುತ್ತಿದ್ದಳೆಂಬ ವಿವರದಲ್ಲಿ ಈ ಸೀಮೆಯ ಎರಡು ಸಮುದಾಯಗಳು ಹೇಗೆ ಬದುಕಿದ್ದವೆಂಬ ಇತಿಹಾಸವೂ ಇದೆ.

ಹಟ್ಟಿಯ ಬದುಕು

ಹಟ್ಟಿಯ ಸುತ್ತ ಮುಳ್ಳಿನ ಬೇಲಿ. ಒಳಗೆ ಮನೆಗಳು, ಕುರಿ ರೊಪ್ಪ, ದೇವರ ಗುಡಿ. ಚಿರತೆ ತೋಳಗಳಿಂದ ಮಂದೆಯನ್ನು ಕಾಪಾಡಲು ಹುಟ್ಟಿದ ಬೇಲಿ ಇದು. ಕಾಲಕ್ರಮೇಣ ಮಡಿ ಮೈಲಿಗೆಯ ಗಡಿಯೂ ಅದೇ ಆಯಿತು. ಬೇಲಿಯ ಒಳಗಿನದು ದೇವರ ನೆಲ. ಚಪ್ಪಲಿ, ಕೋಳಿ, ಹೊರಗಿನ ಜನ, ಮುಟ್ಟಾದ ಹೆಂಗಸು ಹೀಗೆ ಯಾವುದು ಒಳಗೆ ಬರಬಹುದು, ಯಾವುದು ಬರಬಾರದು ಎಂಬುದಕ್ಕೆ ಹಟ್ಟಿಯಿಂದ ಹಟ್ಟಿಗೆ ಬೇರೆ ಬೇರೆ ಕಟ್ಟಳೆಗಳಿದ್ದವು. ಹಟ್ಟಿಯ ಗೌಡ, ಪೂಜಾರಿ ಮತ್ತು ಹಿರಿಯರು ಸೇರಿ ನ್ಯಾಯ ತೀರ್ಮಾನ ಮಾಡುತ್ತಿದ್ದರು. ಪೋಲೀಸು ಠಾಣೆಗಾಗಲಿ ಕೋರ್ಟಿಗಾಗಲಿ ಹೋಗುವುದು ಅವಮಾನವೆಂಬ ಭಾವನೆ ಬಹುಕಾಲ ಇತ್ತು.

ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಬೇಸಾಯವೊಂದನ್ನೇ ನಂಬಿ ಬದುಕುವಂತಿರಲಿಲ್ಲ. ರಾಗಿ, ನವಣೆ, ಹುರುಳಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಕುರಿ ದನಗಳೇ ಆಧಾರ. ಸುಗ್ಗಿಯಾದ ಮೇಲೆ ಮಂದೆಯೊಂದಿಗೆ ಹೊರಟು ರೈತರ ಹೊಲಗಳಲ್ಲಿ ರಾತ್ರಿ ಕುರಿ ಮಂದೆ ಹಾಕುವುದು, ಆ ಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಪಡೆಯುವುದು ಹಳೆಯ ಪದ್ಧತಿ. ಊರಿನ ಹೊಲಕ್ಕೆ ಹಟ್ಟಿಯ ಕುರಿ ಬೇಕಿತ್ತು, ಹಟ್ಟಿಯ ಒಲೆಗೆ ಊರಿನ ಕಾಳು ಬೇಕಿತ್ತು. ರಾಸಾಯನಿಕ ಗೊಬ್ಬರ ಬಂದ ಮೇಲೆ ಈ ಸಂಬಂಧ ಸಡಿಲವಾಯಿತು. ಹೊಳಲ್ಕೆರೆ, ಹೊಸದುರ್ಗದ ಕಡೆ ಕೊಳವೆ ಬಾವಿ ಬಂದು ಅಡಿಕೆ ತೆಂಗಿನ ತೋಟಗಳಾದ ಮೇಲೆ ಕುರಿ ನಿಲ್ಲಿಸುವ ಬಯಲು ಹೊಲಗಳೂ ಕಡಿಮೆಯಾದವು.

ಜುಂಜಪ್ಪ ಮತ್ತು ಗಣೆಯ ನಾದ

ಕಾಡುಗೊಲ್ಲರ ನಂಬಿಕೆಯ ಲೋಕದ ನಡುವೆ ನಿಂತಿರುವವರು ಪುರಾಣದ ದೇವತೆಗಳಿಗಿಂತ ಹೆಚ್ಚಾಗಿ ಅವರದೇ ಕುಲದ ವೀರರು. ಅವರಲ್ಲಿ ಮುಖ್ಯರಾದವರು ಜುಂಜಪ್ಪ ಮತ್ತು ಎತ್ತಪ್ಪ. ಜುಂಜಪ್ಪ ಕೆಂಗುರಿ ಮಲ್ಲೇಗೌಡ ಮತ್ತು ಚಿನ್ನಮ್ಮನ ಮಗ, ದನ ಕಾಯುವ ವೀರ. ಸೋದರಮಾವಂದಿರ ಹಗೆಗೆ ಗುರಿಯಾಗಿ ಕೊನೆಗೆ ಅವರಿಕ್ಕಿದ ವಿಷಕ್ಕೆ ಬಲಿಯಾದವನು ಎಂದು ಅವರ ಕಾವ್ಯ ಹೇಳುತ್ತದೆ. ಶಿರಾ ತಾಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವನ ನೆಲೆ. ಅಲ್ಲಿಗೆ ಹಿರಿಯೂರು, ಹೊಸದುರ್ಗಗಳಿಂದಲೂ ಜನ ಹೋಗುತ್ತಾರೆ. ಹಾವು ಹುಳಗಳ ಭಯ ಬಂದಾಗ ಕಾಡುಗೊಲ್ಲರಲ್ಲದ ರೈತರೂ ಅವನ ಹೆಸರು ಹೇಳುವುದುಂಟು.

ಜುಂಜಪ್ಪನ ಕಥೆ ಹಾಡುವವರ ಕೈಯಲ್ಲಿ ‘ಗಣೆ’ ಎಂಬ ಉದ್ದನೆಯ ಬಿದಿರಿನ ಕೊಳಲಿರುತ್ತದೆ. ಊದುವುದು ಮತ್ತು ಹಾಡುವುದು ಒಂದರ ಬೆನ್ನಿಗೊಂದು ಸಾಗುತ್ತವೆ. ರಾತ್ರಿಯಿಡೀ ಕೇಳಿದರೂ ಕಥೆ ಮುಗಿಯುವುದಿಲ್ಲ. ಚಳ್ಳಕೆರೆ ತಾಲೂಕಿನ ಚನ್ನಮ್ಮನಾಗತಿಹಳ್ಳಿಯ ಕ್ಯಾತೇದೇವರ ಜಾತ್ರೆ ಇನ್ನೊಂದು ದೊಡ್ಡ ಕೂಟ. ಬಾರೆ, ಕಾರೆ ಮುಳ್ಳುಗಳನ್ನು ಒಟ್ಟಿ ಕಟ್ಟಿದ ಗುಡಿಯ ಮೇಲೆ ಯುವಕರು ಬರಿಗಾಲಲ್ಲಿ ಹತ್ತಿ ಕಳಶ ಕೀಳುವುದನ್ನು ನೋಡಲು ಸುತ್ತಲಿನ ತಾಲೂಕುಗಳ ಜನ ಸೇರುತ್ತಾರೆ.

ಈ ಲೋಕವನ್ನು ಕನ್ನಡದ ಓದುಗರಿಗೆ ತಂದುಕೊಟ್ಟವರಲ್ಲಿ ಜಾನಪದ ವಿದ್ವಾಂಸ ತೀ.ನಂ. ಶಂಕರನಾರಾಯಣ ಅವರನ್ನು ನೆನೆಯಬೇಕು. ಕಾಡುಗೊಲ್ಲರ ಸಂಪ್ರದಾಯಗಳು ಮತ್ತು ನಂಬಿಕೆಗಳ ಕುರಿತ ಅವರ ಅಧ್ಯಯನ ಇಂದಿಗೂ ಆಧಾರ ಗ್ರಂಥ. ಕೃಷ್ಣಮೂರ್ತಿ ಹನೂರರು ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಪದಗಳನ್ನು ‘ಸಾವಿರದ ಸಿರಿಬೆಳಗು’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅಕ್ಷರ ತಿಳಿಯದ ಆ ಅಜ್ಜಿಯ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಹಟ್ಟಿಯ ಹೆಂಗಸಿನ ನಾಲಿಗೆಗೆ ನಾಡು ಕೊಟ್ಟ ಈ ಮರ್ಯಾದೆಯನ್ನು ಹಟ್ಟಿಯ ಹೆಂಗಸಿನ ದೇಹಕ್ಕೂ ಕೊಡುವುದು ಯಾವಾಗ ಎಂಬ ಪ್ರಶ್ನೆ ಇಲ್ಲಿ ಏಳದೇ ಇರುವುದಿಲ್ಲ.

ಅಮೃತ ಮಹಲಿನ ಕಾವಲುಗಳು

ಕಾಡುಗೊಲ್ಲರಂತಹ ಪಶುಪಾಲಕರ ಚರಿತ್ರೆ ಮೈಸೂರು ರಾಜ್ಯದ ಚರಿತ್ರೆಗೆ ಹೊರತಾದುದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಹೈದರಾಲಿ ಪಾಳೆಯಗಾರರನ್ನು ಗೆದ್ದಾಗ ಅವರ ದನದ ಮಂದೆಗಳೂ ಅವನ ವಶವಾದವು. ಟೀಪು ಸುಲ್ತಾನ್ ಈ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟು ನಿಯಮಾವಳಿ ರೂಪಿಸಿದ. ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗ ಎಂಬ ಮೂರು ತಳಿಗಳು ಸೇರಿ ಅಮೃತ ಮಹಲ್ ತಳಿಯಾಯಿತೆಂದು ಪಶುತಜ್ಞರು ಹೇಳುತ್ತಾರೆ. ಅಂದರೆ ಚಿತ್ರದುರ್ಗದ ಬಯಲಿನಲ್ಲಿ ತಲೆಮಾರುಗಳಿಂದ ದನ ಸಾಕಿದವರ ಶ್ರಮವೂ ಅದರಲ್ಲಿ ಸೇರಿದೆ.

ಹೈದರ್ ಮತ್ತು ಟೀಪುವಿನ ಸೈನ್ಯ ಭಾರವಾದ ಫಿರಂಗಿಗಳನ್ನು ಎಳೆದುಕೊಂಡು ಅಷ್ಟು ವೇಗವಾಗಿ ಹೇಗೆ ಸಾಗುತ್ತದೆಂದು ಬ್ರಿಟಿಷ್ ಸೇನಾಧಿಕಾರಿಗಳು ಬೆರಗಾಗಿದ್ದರು. ಅದರ ಗುಟ್ಟು ಈ ಎತ್ತುಗಳಲ್ಲಿತ್ತು. ಹೈದರಾಲಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದನೆಂದು ಅವರ ಬರಹಗಳೇ ಹೇಳುತ್ತವೆ. 1799ರ ನಂತರ ಈ ಮಂದೆಗಳು ಬ್ರಿಟಿಷರ ಪಾಲಾದವು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಮಂದೆಯನ್ನೇ ಮಾರಿದ ಸರಕಾರ, ತಪ್ಪು ಅರಿವಾಗಿ ಕೆಲವೇ ವರ್ಷಗಳಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು.

ಈ ದನಗಳಿಗಾಗಿ ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಹುಲ್ಲುಗಾವಲುಗಳನ್ನು ಮೀಸಲಿಡಲಾಗಿತ್ತು. ಅವೇ ‘ಕಾವಲು’ಗಳು. ಸರಕಾರಿ ಮಂದೆ ಕರಗುತ್ತಾ ಬಂದಂತೆ ಸುತ್ತಲ ಹಳ್ಳಿ ಹಟ್ಟಿಗಳ ಕುರಿ ದನಗಳು ಇಲ್ಲಿ ಮೇಯ್ದವು. ಸ್ವಾತಂತ್ರ್ಯಾನಂತರ ಕಾವಲುಗಳು ಬೇಸಾಯಕ್ಕೆ, ಅರಣ್ಯ ಇಲಾಖೆಯ ನೆಡುತೋಪಿಗೆ, ಯೋಜನೆಗಳಿಗೆ ಒಂದೊಂದಾಗಿ ಹೋದವು. 2007ರ ನಂತರದ ಕೆಲವು ವರ್ಷಗಳಲ್ಲಿ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ಎತ್ತರದ ಗೋಡೆಗಳು ಎದ್ದವು. ಕುರಿಗಾಹಿಗಳ ಪ್ರತಿಭಟನೆ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ಸಂಶಯವಿಲ್ಲ. ಆದರೆ ಹುಲ್ಲುಗಾವಲನ್ನು ‘ಪಾಳುಭೂಮಿ’ ಎಂದು ಕರೆಯುವ ಕಣ್ಣಿಗೆ ಅಲ್ಲಿ ಮೇಯುವ ಕುರಿಯಾಗಲಿ ಅದರ ಹಿಂದಿರುವ ಮನುಷ್ಯನಾಗಲಿ ಕಾಣಿಸದೇ ಹೋಗುವುದು ಅನ್ಯಾಯ.

ಪಟ್ಟಿಯಲ್ಲಿ ಸಿಗದ ಹೆಸರು

ಮೇವಿನ ನೆಲ ಕೈಬಿಟ್ಟ ಮೇಲೆ ಉಳಿದ ದಾರಿಯೆಂದರೆ ಶಿಕ್ಷಣ ಮತ್ತು ಉದ್ಯೋಗ. ಅಲ್ಲಿ ಎದುರಾದದ್ದು ಪಟ್ಟಿಯ ಪ್ರಶ್ನೆ. ಇದೇ ಬಯಲಿನಲ್ಲಿ ಕಾಡುಗೊಲ್ಲರ ಪಕ್ಕದಲ್ಲೇ ಬದುಕಿದ ಮ್ಯಾಸನಾಯಕರು 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ಸೇರಿದಾಗ ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದರು. ಅದು ನ್ಯಾಯವೇ. 2022ರಲ್ಲಿ ಬೆಟ್ಟಕುರುಬರ ಹೆಸರನ್ನೂ ಸಂಸತ್ತು ಸೇರಿಸಿತು. ಕಾಡುಗೊಲ್ಲರು ಮಾತ್ರ ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ, ‘ಗೊಲ್ಲ’ ಎಂಬ ದೊಡ್ಡ ಹೆಸರಿನ ನೆರಳಿನಲ್ಲಿ ಉಳಿದರು. ತಹಶೀಲ್ದಾರರ ಕಚೇರಿಯಲ್ಲಿ ‘ಕಾಡುಗೊಲ್ಲ’ ಎಂಬ ತಮ್ಮದೇ ಹೆಸರಿನ ಪ್ರಮಾಣಪತ್ರ ಪಡೆಯುವುದೇ ಒಂದು ಹೋರಾಟವಾಯಿತು. ಕುಲಶಾಸ್ತ್ರೀಯ ಅಧ್ಯಯನ ನಡೆಯಿತು, ರಾಜ್ಯ ಸರಕಾರ ಕೇಂದ್ರಕ್ಕೆ ಶಿಫಾರಸು ಮಾಡಿತು. ಕಡತ ಬೆಂಗಳೂರು ದೆಹಲಿಗಳ ನಡುವೆ ವರ್ಷಗಟ್ಟಲೆ ಓಡಾಡಿತು. 2020ರಲ್ಲಿ ಶಿರಾ ಉಪಚುನಾವಣೆ ಎದುರಿಗಿದ್ದಾಗ ಕಾಡುಗೊಲ್ಲರ ಅಭಿವೃದ್ಧಿ ನಿಗಮದ ಘೋಷಣೆಯಾಯಿತು. ಚುನಾವಣೆಯ ಹೊತ್ತಿಗೆ ಮಾತ್ರ ನೆನಪಾಗುವುದು ಹಟ್ಟಿಗೆ ಹೊಸದೇನಲ್ಲ.

ಪರಿಶಿಷ್ಟ ಪಂಗಡವೆಂದು ಗುರುತಿಸಲು ಸರಕಾರ ಇಂದಿಗೂ ನೋಡುವುದು 1965ರ ಲೋಕುರ್ ಸಮಿತಿಯ ಐದು ಲಕ್ಷಣಗಳನ್ನು. ಆದಿಮ ಗುಣಗಳು, ವಿಶಿಷ್ಟ ಸಂಸ್ಕೃತಿ, ಪ್ರತ್ಯೇಕವಾದ ವಾಸ, ಹೊರಗಿನವರೊಡನೆ ಬೆರೆಯಲು ಸಂಕೋಚ ಮತ್ತು ಹಿಂದುಳಿದಿರುವಿಕೆ. ಈ ಪಟ್ಟಿಯನ್ನು ಹಿಡಿದು ಹಟ್ಟಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದೇನು? ಬೇಲಿಯಾಚೆಯ ಮುಟ್ಟಿನ ಗುಡಿಸಲು, ಬಾಣಂತಿಯ ಗುಡಿಸಲು. ಹೀಗಾಗಿ ಹೆಣ್ಣನ್ನು ಹೊರಗಿಡುವ ಪದ್ಧತಿಯೇ ಬುಡಕಟ್ಟಿನ ಸಾಕ್ಷ್ಯವಾಗಿಬಿಡುತ್ತದೆ. ಪದ್ಧತಿ ಬಿಟ್ಟರೆ ‘ನೀವು ಮುಂದುವರಿದಿರಿ’ ಎನ್ನುತ್ತಾರೆ, ಬಿಡದಿದ್ದರೆ ‘ನೀವು ಅನಾಗರಿಕರು’ ಎನ್ನುತ್ತಾರೆ. ಎರಡೂ ಮಾತುಗಳನ್ನು ಆಡುವವರು ನಾವೇ, ಹಟ್ಟಿಯ ಹೊರಗಿನವರು.

ಬೇಲಿಯಾಚೆಯ ಗುಡಿಸಲು

2023ರ ಜುಲೈಯಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ತಾಯಿಯೊಂದಿಗೆ ಊರ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ಮಳೆ ಚಳಿಯ ದಿನಗಳಲ್ಲಿ ಕಾಯಿಲೆ ಬಿದ್ದು ತೀರಿಕೊಂಡಿತು. ಸುದ್ದಿ ನಾಡಿನಾದ್ಯಂತ ಹರಡಿತು. ಅದಾದ ಮೇಲೆ ಆ ಜಿಲ್ಲೆಯಲ್ಲಿ ನ್ಯಾಯಾಧೀಶರು, ಅಧಿಕಾರಿಗಳು ಹಟ್ಟಿಗಳಿಗೆ ಹೋಗಿ ತಿಳಿಹೇಳಿದರು. ಆದರೆ ಥರ್ಸ್ಟನ್‌ರ ಪುಸ್ತಕದಲ್ಲಿ ಆ ಗುಡಿಸಲಿನ ವಿವರ ಅಚ್ಚಾಗಿದ್ದು 1909ರಲ್ಲಿ. ನೂರಾ ಹದಿನಾಲ್ಕು ವರ್ಷ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ ಆಗಿತ್ತು.

ಕಾನೂನು ಇಲ್ಲವೆಂದಲ್ಲ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ ಕಾಯಿದೆಯು ಮುಟ್ಟಾದ ಅಥವಾ ಗರ್ಭಿಣಿ ಸ್ತ್ರೀಯರನ್ನು ಬಲವಂತವಾಗಿ ಪ್ರತ್ಯೇಕವಾಗಿಡುವುದನ್ನು ಅಪರಾಧವೆನ್ನುತ್ತದೆ. ಇನ್ನೊಂದು ಕಡೆ ಸರಕಾರವೇ ಹಟ್ಟಿಗಳ ಹೊರಗೆ ‘ಕೃಷ್ಣ ಕುಟೀರ’ ಎಂಬ ಹೆಸರಿನ ಕಟ್ಟಡಗಳನ್ನು ಕಟ್ಟಿಸಿತು. ಗುಡಿಸಲಿಗಿಂತ ಸೂರು ಲೇಸು, ಅಲ್ಲಿಯವರೆಗಾದರೂ ಹಾವು ಚಳಿಗಳಿಂದ ರಕ್ಷಣೆ ಎಂಬುದು ಇದರ ಪರವಾದ ವಾದ. ಹೊರಗಿಡುವುದಕ್ಕೆ ಸರಕಾರವೇ ಗಾರೆ ಇಟ್ಟಿಗೆಯ ಮುದ್ರೆ ಒತ್ತಿದಂತಾಯಿತು ಎಂಬುದು ವಿರೋಧದ ವಾದ. ಎರಡರಲ್ಲೂ ಸತ್ಯವಿದೆ. ನೇಪಾಳದಲ್ಲಿ ಮುಟ್ಟಿನ ಗುಡಿಸಲುಗಳನ್ನು ಕಾನೂನಿನ ಬಲದಿಂದ ಕೆಡವಿದಾಗ ಕೆಲವೆಡೆ ಹೆಂಗಸರು ಇನ್ನೂ ಕೆಟ್ಟ ಜಾಗಗಳಲ್ಲಿ ಮಲಗಬೇಕಾಯಿತು. ಗುಡಿಸಲು ಕೆಡವುವುದು ಸುಲಭ. ದೇವರು ಮುನಿಯುತ್ತಾನೆಂಬ ಭಯವನ್ನು ಕೆಡವಲು ಹಟ್ಟಿಯೊಳಗಿನ ಮಾತೇ ಬೇಕು.

ಬೇಲಿ ಹೊರಗಿಡುವುದು ಹೆಣ್ಣನ್ನು ಮಾತ್ರವಲ್ಲ ಎಂಬುದನ್ನೂ ಹೇಳಬೇಕು. 2019ರ ಸೆಪ್ಟೆಂಬರ್‌ನಲ್ಲಿ ಪಾವಗಡ ತಾಲೂಕಿನ ಗೊಲ್ಲರಹಟ್ಟಿಯೊಂದಕ್ಕೆ ಸೌಲಭ್ಯ ಕಲ್ಪಿಸುವ ವಿಚಾರವಾಗಿ ಹೋದ ಆಗಿನ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿಯವರನ್ನು, ದಲಿತರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ತಾನು ಊರಿನಿಂದ ಹೊರಗೆ ನಿಂತ ಸಮುದಾಯವೇ ಇನ್ನೊಬ್ಬರನ್ನು ತನ್ನ ಹೊರಗೆ ನಿಲ್ಲಿಸಿತು. ಇದು ಗೊಲ್ಲರ ಹಟ್ಟಿಯ ಕಾಯಿಲೆ ಮಾತ್ರವಲ್ಲ, ನಮ್ಮ ಇಡೀ ಸಮಾಜ ಕಲಿಸಿದ ಪಾಠ.

ಇಂತಹ ಮಡಿಯ ಗೆರೆಗಳು ಬೇರೆ ಬುಡಕಟ್ಟುಗಳಲ್ಲೂ ಇವೆ. ಒಡಿಶಾ ಮತ್ತು ಛತ್ತೀಸಗಢದ ಗಡಿಯ ಭುಂಜಿಯಾ ಜನರ ಮನೆಗಳಲ್ಲಿ ‘ಲಾಲ್ ಬಂಗ್ಲಾ’ ಎಂಬ ಕೆಮ್ಮಣ್ಣಿನ ಅಡುಗೆಮನೆಯಿದೆ. ಹೊರಗಿನವರು ಅದನ್ನು ಮುಟ್ಟಿದರೆ ಕೆಡವಿ ಹೊಸದಾಗಿ ಕಟ್ಟುತ್ತಾರೆ. ಒಡಿಶಾದ ಚುಕ್ತಿಯಾ ಭುಂಜಿಯಾರನ್ನು ಸರಕಾರ ವಿಶೇಷವಾಗಿ ದುರ್ಬಲವಾದ ಬುಡಕಟ್ಟೆಂದು ಗುರುತಿಸಿದೆ. ನಾವು ಈ ಉದಾಹರಣೆ ತಂದದ್ದು ಹೋಲಿಸಿ ಹಂಗಿಸಲಿಕ್ಕಲ್ಲ. ಒಂದು ಸಣ್ಣ ಜನಸಮುದಾಯ ದೊಡ್ಡ ಲೋಕದೆದುರು ತನ್ನತನವನ್ನು ಉಳಿಸಿಕೊಳ್ಳಲು ಗೆರೆ ಎಳೆದುಕೊಳ್ಳುತ್ತದೆ ಎಂಬುದನ್ನು ತಿಳಿಯಲಿಕ್ಕೆ. ಆ ಗೆರೆ ಅಡುಗೆಮನೆಯ ಸುತ್ತ ಇದ್ದಾಗ ಅದು ನಂಬಿಕೆ. ಬಾಣಂತಿಯ ಸುತ್ತ ಇದ್ದಾಗ ಅದು ಪ್ರಾಣದ ಪ್ರಶ್ನೆ.

ಆಗಬೇಕಾದುದೇನು?

ಹಟ್ಟಿಗಳಿಗೆ ಬೇಕಾದುದರ ಪಟ್ಟಿ ದೊಡ್ಡದಲ್ಲ. ದಾಖಲೆಯಲ್ಲಿ ಇಲ್ಲದ ಹಟ್ಟಿ, ತಾಂಡಾ, ಹಾಡಿಗಳನ್ನು ಕಂದಾಯ ಗ್ರಾಮವಾಗಿಸುವ ಕೆಲಸ ಪೂರ್ತಿಯಾಗಿ, ಇರುವ ಮನೆಗೆ ಹಕ್ಕುಪತ್ರ ಸಿಗಬೇಕು. ಉಳಿದಿರುವ ಕಾವಲು ಗೋಮಾಳಗಳು ಮೇವಿಗೇ ಉಳಿಯಬೇಕು. ಹಟ್ಟಿಯ ಹತ್ತಿರವೇ ಶಾಲೆ, ಹೆಣ್ಣುಮಕ್ಕಳಿಗೆ ವಿದ್ಯಾರ್ಥಿನಿಲಯ, ಹೆರಿಗೆಯ ನಂತರದ ಆರೈಕೆಗೆ ತಪ್ಪದೆ ಬರುವ ಆರೋಗ್ಯ ಕಾರ್ಯಕರ್ತೆ ಬೇಕು. ಜುಂಜಪ್ಪನ ಕಾವ್ಯ ಹಾಡುವ ಗಣೆಯವರ ಮುಂದಿನ ತಲೆಮಾರಿಗೆ ಆಸರೆ ಬೇಕು.

ಪರಿಶಿಷ್ಟ ಪಂಗಡದ ಬೇಡಿಕೆಯನ್ನು ಅವರ ಬಡತನ, ಅಲೆಮಾರಿತನ, ಭಾಷೆ, ಕಾವ್ಯ, ಕುಲದೈವಗಳ ಆಧಾರದಲ್ಲಿ ತೀರ್ಮಾನಿಸಬೇಕು. ಹಟ್ಟಿಯ ಹೆಣ್ಣುಮಗಳು ಬುಡಕಟ್ಟಿನವಳೆಂದು ಸಾಬೀತು ಮಾಡಲು ಮಳೆಯಲ್ಲಿ ಮಲಗಬೇಕಾಗಿಲ್ಲ. ಜುಂಜಪ್ಪನ ಪದ ಬಲ್ಲ ಕುಲಕ್ಕೆ ಬೇರೆ ಪುರಾವೆ ಯಾಕೆ?

ಬದಲಾವಣೆ ಆರಂಭವಾಗಿಲ್ಲವೆಂದಲ್ಲ. ಓದಿದ ಹುಡುಗ ಹುಡುಗಿಯರು ತಮ್ಮ ಹಟ್ಟಿಗಳಲ್ಲಿ ಹಿರಿಯರೆದುರು ನಿಂತು ಮಾತಾಡುತ್ತಿದ್ದಾರೆ. ಪಟ್ಟಣದಲ್ಲಿ ಕೂತು ಅವರನ್ನು ಮೂಢರೆಂದು ಜರೆಯುವುದರಿಂದ ಆ ಮಕ್ಕಳ ಕೆಲಸ ಕಷ್ಟವಾಗುತ್ತದೆ, ಹಿರಿಯರ ಹಟ ಗಟ್ಟಿಯಾಗುತ್ತದೆ. ಹಿಂದೆ ಕುಲದವರು ಹತ್ತಿರ ಬಾರದ ಬಾಣಂತಿಯ ಬಳಿಗೆ ಪಕ್ಕದ ಹಟ್ಟಿಯ ನಾಯಕರ ಹೆಂಗಸು ಗಂಜಿ ಹಿಡಿದು ಬರುತ್ತಿದ್ದಳು. ಅವಳು ಗೊಲ್ಲರ ದೇವರನ್ನು ಹಳಿಯಲಿಲ್ಲ, ಬಾಣಂತಿಯನ್ನು ಬಿಟ್ಟು ಹೋಗಲೂ ಇಲ್ಲ. ನೆರೆಯವರಾದ ನಾವು ಕಲಿಯಬೇಕಾದ ದಾರಿಯೂ ಅದೇ.